ತೊಗಟೆಯ ಗುಣ, ನಳಿಕೆಯ ಬಣ್ಣ

ಔಷಧೀಯ ವೃಕ್ಷಗಳ ತೊಗಟೆಯನ್ನು ಕುರಿತು ನಮ್ಮ ವಿಶ್ವವಿದ್ಯಾನಿಲಯಗಳಿಂದ ಹೊರಬರುವ ಪ್ರಬಂಧಗಳನ್ನೂ, ಆ ಪ್ರಬಂಧಗಳನ್ನು ಆಧರಿಸಿ ಪತ್ರಿಕೆಗಳಲ್ಲಿ ಪ್ರಕಟವಾಗುವ ವಾರ್ತೆಗಳನ್ನೂ, ಆ ವಾರ್ತೆಗಳ ಬಲದಿಂದ ಅಂಗಡಿಯ ಸೀಸೆಗಳ ಮೇಲೆ ಅಚ್ಚಾಗುವ ಪ್ರಶಸ್ತಿಗಳನ್ನೂ ಪಕ್ಕಪಕ್ಕದಲ್ಲಿರಿಸಿಕೊಂಡು ಓದಿದವರಿಗೆ ಒಂದು ಸಂಗತಿ ಗೋಚರವಾಗದೆ ಇರಲಾರದು. ಮತ್ತಿಯಿರಲಿ, ಅಶೋಕವಿರಲಿ, ಬೇವಿರಲಿ, ಜಾಲಿಯಿರಲಿ, ನೇರಳೆಯಿರಲಿ, ಯಾವ ಮರದ ತೊಗಟೆಯನ್ನು ನೆರಳಿನಲ್ಲಿ ಒಣಗಿಸಿ, ಕುಟ್ಟಿ, ಆಲ್ಕೋಹಾಲಿನಲ್ಲಿ ನೆನೆಯಿಟ್ಟು ಸಾರ ತೆಗೆದರೂ, ಅದರಲ್ಲಿ ಗಣನೀಯವಾದ ಉತ್ಕರ್ಷಣ ನಿರೋಧಕ ಶಕ್ತಿ, ಎಂದರೆ ಈಗ ಮನೆಮಾತಾಗಿರುವ ಆಂಟಿಆಕ್ಸಿಡೆಂಟ್ ಗುಣ, ಕಂಡುಬಂದಿತೆಂದೇ ವರದಿ ಮುಕ್ತಾಯವಾಗುತ್ತದೆ. ಪರೀಕ್ಷೆಗೆ ಕುಳಿತವರೆಲ್ಲರೂ ಪ್ರಥಮ ಶ್ರೇಣಿಯಲ್ಲಿ ತೇರ್ಗಡೆಯಾಗುತ್ತಿರುವಾಗ ಅಭ್ಯರ್ಥಿಗಳ ಮೇಧಾಶಕ್ತಿಯನ್ನು ಕೊಂಡಾಡುವುದಕ್ಕೆ ಮೊದಲು ಪ್ರಶ್ನಪತ್ರಿಕೆಯನ್ನೊಮ್ಮೆ ತಿರುವಿ ನೋಡುವುದು ವಿವೇಕವಲ್ಲವೆ? ಈ ಗುಣವು ತೊಗಟೆಯಲ್ಲಿ ಇಲ್ಲವೆಂದು ಯಾರೂ ಹೇಳಲಾರರು. ಅದು ಇದೆ, ಬೇಕಾದಷ್ಟು ಇದೆ, ಬಹುಪಾಲು ಎಲ್ಲ ತೊಗಟೆಗಳಲ್ಲಿಯೂ ಇದೆ. ಆದುದರಿಂದಲೇ ಅದನ್ನು ಒಂದು ಮರದ ವಿಶೇಷ ಗುಣವೆಂದೂ, ಅದಕ್ಕಿಂತ ಮಿಗಿಲಾಗಿ ಒಂದು ರೋಗಕ್ಕೆ ಪರಿಹಾರವೆಂದೂ ಹೇಳಹೊರಟಾಗ ನಾವು ಸ್ವಲ್ಪ ತಡೆದು ಯೋಚಿಸಬೇಕೆಂಬುದು ನನ್ನ ಅಭಿಪ್ರಾಯ.

ಆ ಪ್ರಶ್ನಪತ್ರಿಕೆ ಯಾವುದೆಂಬುದನ್ನು ಮೊದಲು ನೋಡೋಣ. 1958ರಲ್ಲಿ ಮಾರ್ಸ್‌ಡನ್ ಬ್ಲಾಯ್ಸ್ ಎಂಬ ವಿಜ್ಞಾನಿ 'ನೇಚರ್' ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನವನ್ನು ಪ್ರಕಟಿಸಿದನು. ಸಾಮಾನ್ಯವಾಗಿ ಮುಕ್ತ ರ‍್ಯಾಡಿಕಲ್‌ಗಳೆಂಬ, ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನನ್ನು ಹೊತ್ತ ಅಣುಗಳು ಹುಟ್ಟಿದ ಕ್ಷಣದಲ್ಲಿಯೇ ಪಕ್ಕದ ಯಾವುದಾದರೊಂದು ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಕೊಂಡು ನಾಶವಾಗಿ ಹೋಗುವಂಥವು; ಅವುಗಳನ್ನು ಹಿಡಿದಿಟ್ಟು ಪರೀಕ್ಷಿಸುವುದು ಸುಲಭಸಾಧ್ಯವಲ್ಲ. ಆದರೆ ಡಿಪಿಪಿಎಚ್ ಎಂಬ ಸಂಕ್ಷಿಪ್ತನಾಮದಿಂದ ಪ್ರಸಿದ್ಧವಾಗಿರುವ ಒಂದು ಕೃತಕ ವಸ್ತುವು ಮಾತ್ರ ತನ್ನ ಒಂಟಿ ಎಲೆಕ್ಟ್ರಾನಿನೊಡನೆ ಸೀಸೆಯಲ್ಲಿ ಬಹುಕಾಲ ಸ್ಥಿರವಾಗಿರಬಲ್ಲದು. ಅದರ ದ್ರಾವಣ ಕಡುನೇರಳೆ. ಹೈಡ್ರೊಜನ್ನನ್ನೋ ಎಲೆಕ್ಟ್ರಾನನ್ನೋ ದಾನ ಮಾಡಬಲ್ಲ ಯಾವ ವಸ್ತುವನ್ನು ಅದಕ್ಕೆ ಬೆರೆಸಿದರೂ ನೇರಳೆಯು ಮಾಸಿ ತಿಳಿಹಳದಿಯಾಗುತ್ತದೆ. 517 ನ್ಯಾನೊಮೀಟರಿನ ಬೆಳಕನ್ನು ಹಾಯಿಸಿ ಎಷ್ಟು ಬಣ್ಣ ಮಾಸಿತೆಂಬುದನ್ನು ಉಪಕರಣವು ಅಳೆಯುತ್ತದೆ. ಅರ್ಧದಷ್ಟು ಬಣ್ಣವನ್ನು ಅಳಿಸಲು ಎಷ್ಟು ಸಾರ ಬೇಕಾಯಿತೆಂಬ ಒಂದು ಅಂಕಿಯು ಲಭ್ಯವಾಗುತ್ತದೆ. ಪ್ರಾಣಿಗಳು ಬೇಡ, ರೋಗಿಗಳು ಬೇಡ, ನೀತಿ ಸಮಿತಿಯ ಅನುಮತಿ ಬೇಡ, ಹೆಚ್ಚಿನ ವೆಚ್ಚವೂ ಇಲ್ಲ. ಸಾರವೊಂದು ಸಿದ್ಧವಿದ್ದರೆ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಯು ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದಾದ ಕೆಲಸ. ಅದು ಇಷ್ಟು ಜನಪ್ರಿಯವಾದುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಡಿಪಿಪಿಎಚ್ ಎಂಬ ವಸ್ತುವು ಯಾವ ಜೀವಿಯ ದೇಹದಲ್ಲಿಯೂ ಇಲ್ಲವೆಂಬುದನ್ನೂ, ಅದನ್ನು ಕರಗಿಸುವ ಮೆಥನಾಲು ಮನುಷ್ಯರಿಗೆ ವಿಷವೆಂಬುದನ್ನೂ, ಆ ನಳಿಕೆಯಲ್ಲಿ ಜಠರವಾಗಲಿ ಯಕೃತ್ತಾಗಲಿ ರಕ್ತವಾಗಲಿ ಇಲ್ಲವೆಂಬುದನ್ನೂ ವರದಿಗಳು ಪ್ರಾಯಶಃ ಓದುಗರಿಗೆ ತಿಳಿಸುವುದಿಲ್ಲ.

ಎಲ್ಲ ತೊಗಟೆಗಳೂ ಈ ಪರೀಕ್ಷೆಯಲ್ಲಿ ಗೆಲ್ಲುವುದೇತಕ್ಕೆ? ಇದಕ್ಕೆ ಉತ್ತರವು ಮರದ ಬದುಕಿನಲ್ಲಿದೆ. ಮತ್ತು ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸ್ವಾರಸ್ಯಕರವಾಗಿ ತೋರುವ ಭಾಗವೂ ಇದೇ. ಕಾಂಡದ ಹೊರಮೈಯಲ್ಲಿ ನಾವು ಕಾಣುವ ಒರಟಾದ ಪದರವು ಸತ್ತ ಜೀವಕೋಶಗಳಿಂದಾದುದು. ಅದರ ಒಳಗೆ, ಹಸಿಯಾಗಿ, ಕೆಲವು ಮರಗಳಲ್ಲಿ ಕೆಂಪಾಗಿ ಕಾಣುವ ಒಳತೊಗಟೆಯು ಸಜೀವವಾದುದು. ಎಲೆಗಳು ಬಿಸಿಲಿನಿಂದ ತಯಾರಿಸಿದ ಸಕ್ಕರೆಯು ಬೇರಿನವರೆಗೆ ಇಳಿಯುವುದು ಈ ಒಳತೊಗಟೆಯ ಮಾರ್ಗವಾಗಿಯೇ. ಅದಕ್ಕೂ ಒಳಗೆ, ಕಣ್ಣಿಗೆ ಸುಲಭವಾಗಿ ಕಾಣಿಸದಷ್ಟು ತೆಳುವಾದ ಕ್ಯಾಂಬಿಯಮ್ ಎಂಬ ಪದರವು ಒಳಮುಖವಾಗಿ ಮರವನ್ನೂ ಹೊರಮುಖವಾಗಿ ತೊಗಟೆಯನ್ನೂ ಸೃಷ್ಟಿಸುತ್ತ ಹೋಗುತ್ತದೆ. ಅನ್ನದ ಇಂಥ ದಾರಿಯನ್ನು ಹುಳುಗಳಿಂದ, ಶಿಲೀಂಧ್ರಗಳಿಂದ, ಮೇಯುವ ಮೃಗಗಳಿಂದ, ಉರಿಬಿಸಿಲಿನಿಂದ ಕಾಪಾಡಿಕೊಳ್ಳಬೇಕಾದ, ಆದರೆ ಓಡಿಹೋಗಲಾರದ ಜೀವಿಯು ತನ್ನ ಮೈಯನ್ನು ರಸಾಯನಗಳಿಂದ ತುಂಬಿಕೊಂಡಿತು. ಅವುಗಳಲ್ಲಿ ಮುಖ್ಯವಾದವು ಫೀನಾಲ್ ವರ್ಗದ ವಸ್ತುಗಳು, ವಿಶೇಷವಾಗಿ ಟ್ಯಾನಿನ್‌ಗಳು. ಟ್ಯಾನಿನ್ನಿನ ಅಣುವು ಪ್ರೋಟೀನನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ತೊಗಟೆಯನ್ನು ಕೊರೆದ ಹುಳುವಿನ ಜೀರ್ಣರಸಗಳೂ, ತೂರಿಬಂದ ಶಿಲೀಂಧ್ರದ ಕಿಣ್ವಗಳೂ ಅದರ ಹಿಡಿತಕ್ಕೆ ಸಿಕ್ಕಿ ನಿಷ್ಕ್ರಿಯವಾಗುತ್ತವೆ. ನಮ್ಮ ಹಳೆಯ ಚರ್ಮಕಾರರು ತಂಗಡಿಯ ಚಕ್ಕೆಯನ್ನೂ ಜಾಲಿಯ ಚಕ್ಕೆಯನ್ನೂ ತೊಟ್ಟಿಯಲ್ಲಿ ನೆನೆಯಿಟ್ಟು ಹಸಿ ತೊಗಲನ್ನು ಹದಗೊಳಿಸುತ್ತಿದ್ದುದು ಇದೇ ಗುಣದ ಬಲದಿಂದ. ಇದೇ ಅಣುಗಳು ತಮ್ಮ ಹೈಡ್ರೊಜನ್ನನ್ನು ಸುಲಭವಾಗಿ ಬಿಟ್ಟುಕೊಡುವುದರಿಂದ ನೇರಳೆ ದ್ರಾವಣವು ಹಳದಿಯಾಗುವುದು. ಅಂದಮೇಲೆ, ಒಂದು ತೊಗಟೆಯಲ್ಲಿ ಉತ್ಕರ್ಷಣ ನಿರೋಧಕ ಶಕ್ತಿಯಿದೆಯೆಂಬ ವರದಿಯು ಬಹುಮಟ್ಟಿಗೆ ಅದರಲ್ಲಿ ಟ್ಯಾನಿನ್ ಇದೆಯೆಂಬ ವರದಿಯೇ ಆಗಿದೆ. ಚೂರೊಂದನ್ನು ಜಗಿದು ನೋಡಿದರೆ ಬಾಯಿ ಒಗರಾಗುವುದಲ್ಲ, ಯಂತ್ರವು ಕೊಡುವ ತೀರ್ಪನ್ನು ನಾಲಗೆಯು ಅಷ್ಟರಲ್ಲೇ ಕೊಟ್ಟುಬಿಟ್ಟಿರುತ್ತದೆ.

ಈ ನೇರಳೆ ಬಣ್ಣಕ್ಕೂ ಮನುಷ್ಯನ ಆರೋಗ್ಯಕ್ಕೂ ನಂಟು ಬೆಳೆದ ಕಥೆಯು ಬೇರೊಂದು ಕಡೆಯಿಂದ ಬಂದುದು. 1956ರಲ್ಲಿ ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್ ಎಂಬಾತನು ಮುಪ್ಪಿಗೆ ಕಾರಣ ಈ ಮುಕ್ತ ರ‍್ಯಾಡಿಕಲ್‌ಗಳೇ ಎಂಬ ಸಿದ್ಧಾಂತವನ್ನು ಮುಂದಿಟ್ಟನು. ಉಸಿರಾಟದಿಂದ ಶಕ್ತಿಯನ್ನು ಪಡೆಯುವ ಕ್ರಿಯೆಯಲ್ಲಿಯೇ ದೇಹದೊಳಗೆ ಇವು ಹುಟ್ಟುತ್ತವೆ; ಕೊಬ್ಬನ್ನೂ ಪ್ರೋಟೀನನ್ನೂ ಡಿಎನ್ಎಯನ್ನೂ ತಾಗಿ ಕೆಡಿಸುತ್ತವೆ; ಆ ಕೇಡಿನ ಸಂಚಯವೇ ವಾರ್ಧಕ್ಯ. 1969ರಲ್ಲಿ ಮೆಕ್‌ಕಾರ್ಡ್ ಮತ್ತು ಫ್ರಿಡೊವಿಚ್ ಎಂಬ ಇಬ್ಬರು ವಿಜ್ಞಾನಿಗಳು, ಇಂಥ ಒಂದು ರ‍್ಯಾಡಿಕಲ್ಲನ್ನು ಶಮನಗೊಳಿಸುವುದಕ್ಕೆಂದೇ ದೇಹವು ತಾನೇ ಒಂದು ಕಿಣ್ವವನ್ನು ಇರಿಸಿಕೊಂಡಿದೆಯೆಂದು ತೋರಿಸಿದ ಮೇಲೆ ಸಿದ್ಧಾಂತಕ್ಕೆ ಪುಷ್ಟಿ ದೊರೆಯಿತು. ರ‍್ಯಾಡಿಕಲ್ ಹಾನಿಕರವಾದರೆ ಅದನ್ನು ತಣಿಸುವ ವಸ್ತುವನ್ನು ಹೊರಗಿನಿಂದ ಹೆಚ್ಚು ಹೆಚ್ಚಾಗಿ ಒದಗಿಸುವುದು ಹಿತಕರವಾಗಿರಲೇಬೇಕೆಂಬ ತರ್ಕ ತಾನಾಗಿಯೇ ಹೊರಟಿತು. ತರ್ಕದಲ್ಲಿ ದೋಷ ಕಾಣುವುದಿಲ್ಲ. ಆದರೆ ಅದನ್ನು ಮನುಷ್ಯರಲ್ಲಿ ಪರೀಕ್ಷಿಸಿದಾಗ ನಡೆದುದೇ ಬೇರೆ. ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ 29,133 ಪುರುಷರಿಗೆ ಐದರಿಂದ ಎಂಟು ವರ್ಷಗಳ ಕಾಲ ವಿಟಮಿನ್ ಇ, ಬೀಟಾ ಕೆರೋಟಿನ್ ಅಥವಾ ಹುಸಿಮಾತ್ರೆಗಳನ್ನು ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶವು 1994ರಲ್ಲಿ ಪ್ರಕಟವಾಯಿತು: ಬೀಟಾ ಕೆರೋಟಿನ್ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರು ಶೇಕಡಾ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ನಡೆಯುತ್ತಿದ್ದ ಅಂಥದೇ ಮತ್ತೊಂದು ಪ್ರಯೋಗವನ್ನು ಇದೇ ಕಾರಣದಿಂದ 1996ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ನಮ್ಮ ಬಿಳಿಯ ರಕ್ತಕಣಗಳು ರೋಗಾಣುಗಳನ್ನು ಕೊಲ್ಲುವುದು ಈ ರ‍್ಯಾಡಿಕಲ್‌ಗಳ ಆಯುಧದಿಂದಲೇ ಎಂಬುದೂ, ವ್ಯಾಯಾಮ ಮಾಡಿದ ಸ್ನಾಯುವು ಬಲಗೊಳ್ಳಲು ಇವುಗಳ ಸಂಜ್ಞೆಯು ಬೇಕೆಂಬುದೂ ಈಗ ತಿಳಿದುಬಂದಿದೆ. ಆಹಾರವಸ್ತುಗಳ ಉತ್ಕರ್ಷಣ ನಿರೋಧಕ ಶಕ್ತಿಯನ್ನು ಅಂಕಿಗಳಲ್ಲಿ ಪಟ್ಟಿಮಾಡಿ ಪ್ರಕಟಿಸಿದ್ದ ಅಮೆರಿಕದ ಕೃಷಿ ಇಲಾಖೆಯೇ, ಆ ಅಂಕಿಗಳಿಗೂ ದೇಹದ ಮೇಲಿನ ಪರಿಣಾಮಕ್ಕೂ ಸಂಬಂಧ ಸಿದ್ಧವಾಗಿಲ್ಲವೆಂದೂ ವ್ಯಾಪಾರಿಗಳು ಅವುಗಳನ್ನು ದುರುಪಯೋಗಪಡಿಸುತ್ತಿದ್ದಾರೆಂದೂ ಹೇಳಿ 2012ರಲ್ಲಿ ಪಟ್ಟಿಯನ್ನು ಹಿಂತೆಗೆದುಕೊಂಡಿತು. ಅಲ್ಲಿ ಕೈಬಿಟ್ಟ ಅಳತೆಗೋಲಿನ ದಾಯಾದಿಯನ್ನು ನಾವು ಇಲ್ಲಿ ಇನ್ನೂ ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದೇವೆ.

ಈ ಮಾತುಗಳನ್ನು ಒಂದು ಮರದ ವಿಷಯದಲ್ಲಿ ಇಟ್ಟು ನೋಡುವುದು ಮೇಲು. ಅದಕ್ಕೆ ಹೊಳೆಮತ್ತಿಗಿಂತ ತಕ್ಕ ಮರ ದೊರೆಯಲಾರದು. ನೀರುಮತ್ತಿಯೆಂದೂ ಬಿಳಿಮತ್ತಿಯೆಂದೂ ಕರೆಸಿಕೊಳ್ಳುವ, ಸಂಸ್ಕೃತದಲ್ಲಿ ಅರ್ಜುನವೆನಿಸಿದ ಈ ಮರವನ್ನು ಕಾವೇರಿಯ ದಂಡೆಯಲ್ಲಿ, ಮುತ್ತತ್ತಿ ಭೀಮೇಶ್ವರಿಗಳ ಕಡೆ ಹೋದವರು ನೋಡಿಯೇ ಇರುತ್ತಾರೆ: ನೀರಿನ ಮೇಲೆ ಬಾಗಿದ ಭಾರಿ ಕಾಂಡ, ಬೂದುಬಿಳುಪಿನ ನುಣುಪಾದ ಮೈ, ಅಗಲವಾದ ಹಾಳೆಗಳಾಗಿ ತಾನೇ ಕಳಚಿ ಬೀಳುವ ಹೊರತೊಗಟೆ. ಇದರ ದಾಯಾದಿಯಾದ ಕರಿಮತ್ತಿಯದು ಇದಕ್ಕೆ ತೀರ ವಿರುದ್ಧ. ಮೊಸಳೆಯ ಬೆನ್ನಿನಂತೆ ಸೀಳುಬಿಟ್ಟ ಕಪ್ಪು ತೊಗಟೆ ಅದರದು. ಹೊಳೆಮತ್ತಿಯ ತೊಗಟೆಯನ್ನು ಹಾಲಿನಲ್ಲಿ ಕುದಿಸಿ ಹೃದ್ರೋಗಕ್ಕೆ ಕೊಡುವ ಪದ್ಧತಿಯು ಆಯುರ್ವೇದದಲ್ಲಿ ಬಹು ಹಿಂದಿನದು. ಹನ್ನೊಂದನೆಯ ಶತಮಾನದ ವಂಗದೇಶದ ಚಕ್ರಪಾಣಿದತ್ತನ ಗ್ರಂಥದಲ್ಲಿಯೂ ಅದರ ಪ್ರಸ್ತಾಪವಿದೆ. ಇಷ್ಟು ದೀರ್ಘಕಾಲ ಒಂದೇ ಅವಯವದ ಹೆಸರಿಗೆ ಅಂಟಿಕೊಂಡು ಬಂದ ಔಷಧಿಯು ಆಧುನಿಕ ಪರೀಕ್ಷೆಗೆ ಅರ್ಹವೆಂಬುದರಲ್ಲಿ ಸಂದೇಹವಿಲ್ಲ. ಸಂತೋಷದ ಸಂಗತಿಯೆಂದರೆ ಪರೀಕ್ಷೆಯು ಸ್ವಲ್ಪಮಟ್ಟಿಗೆ ನಡೆದಿದೆ.

2001ರಲ್ಲಿ ಜಯಪುರದ ವೈದ್ಯರು ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಹೃದಯದ ರಕ್ತನಾಳಗಳ ರೋಗದಿಂದ ಬಳಲುತ್ತಿದ್ದ 105 ಮಂದಿಯನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಹುಸಿಮಾತ್ರೆಯನ್ನೂ, ಎರಡನೆಯದಕ್ಕೆ ವಿಟಮಿನ್ ಇಯನ್ನೂ, ಮೂರನೆಯದಕ್ಕೆ ದಿನಕ್ಕೆ 500 ಮಿಲಿಗ್ರಾಂ ಹೊಳೆಮತ್ತಿಯ ತೊಗಟೆಯ ಪುಡಿಯನ್ನೂ ಒಂದು ತಿಂಗಳು ಕೊಡಲಾಯಿತು. ರಕ್ತದಲ್ಲಿ ಕೊಬ್ಬು ಉತ್ಕರ್ಷಣಗೊಂಡು ಉಳಿಯುವ ಅವಶೇಷಗಳು ವಿಟಮಿನ್ನಿನ ಗುಂಪಿನಲ್ಲಿಯೂ ತೊಗಟೆಯ ಗುಂಪಿನಲ್ಲಿಯೂ ಇಳಿದವು. ತೊಗಟೆಯನ್ನು ಸೇವಿಸಿದವರಲ್ಲಿ ಮಾತ್ರ ಒಟ್ಟು ಕೊಲೆಸ್ಟರಾಲ್ ಸರಾಸರಿ ಶೇಕಡಾ 10ಕ್ಕೆ ಸಮೀಪವಾಗಿ ತಗ್ಗಿತು. ಇದು ನಳಿಕೆಯೊಳಗಿನ ಮಾತಲ್ಲ, ಮನುಷ್ಯರ ರಕ್ತದ ಮಾತು, ಗಂಭೀರವಾಗಿ ಪರಿಗಣಿಸತಕ್ಕದ್ದು. ಆದರೆ ಕಾಲ ಒಂದು ತಿಂಗಳು, ಗುಂಪೊಂದಕ್ಕೆ ಮೂವತ್ತೈದು ಮಂದಿ. ಹೃದಯಾಘಾತ ತಗ್ಗಿತೆ, ಆಯುಷ್ಯ ಬೆಳೆಯಿತೆ ಎಂಬ ಪ್ರಶ್ನೆಗೆ ಇದರಿಂದ ಉತ್ತರವನ್ನು ನಿರೀಕ್ಷಿಸುವುದು ಅನ್ಯಾಯ. ಅನಂತರ 2016ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಸಂಶೋಧಕರು ಇನ್ನೊಂದು ಪ್ರಯೋಗವನ್ನು ಪ್ರಕಟಿಸಿದರು. ಹೃದಯದೌರ್ಬಲ್ಯದ ರೋಗಿಗಳಿಗೆ, ಅವರ ವಾಡಿಕೆಯ ಔಷಧಿಗಳೊಡನೆಯೇ, ತೊಗಟೆಯ ನೀರುಸಾರವನ್ನು ಹನ್ನೆರಡು ವಾರಗಳ ಕಾಲ ಕೊಟ್ಟು, ಕೊಟ್ಟವರಿಗಾಗಲಿ ಸೇವಿಸಿದವರಿಗಾಗಲಿ ಯಾವುದು ಸಾರ ಯಾವುದು ಹುಸಿಯೆಂದು ತಿಳಿಯದಂತೆ ನಡೆಸಿದ ಪ್ರಯೋಗವದು. ಕೆಲವು ರೋಗಿಗಳಲ್ಲಿ ನಡೆಯುವ ಶಕ್ತಿ ಹೆಚ್ಚಿತು, ಬಳಲಿಕೆ ತಗ್ಗಿತು, ರಕ್ತದ ಉತ್ಕರ್ಷಣ ನಿರೋಧಕ ಸಂಚಯವೂ ಏರಿತು. ಆದರೆ ಪ್ರಯೋಗವು ಮುಖ್ಯವಾಗಿ ಅಳೆಯಹೊರಟಿದ್ದ ಸಂಗತಿ, ಎಂದರೆ ಪ್ರತಿ ಬಡಿತದಲ್ಲಿಯೂ ಎಡ ಹೃತ್ಕುಕ್ಷಿಯು ತನ್ನಲ್ಲಿರುವ ರಕ್ತದ ಎಷ್ಟು ಪಾಲನ್ನು ಹೊರದೂಡುತ್ತದೆಯೆಂಬ ಪ್ರಮಾಣವು, ಬದಲಾಗಲಿಲ್ಲ.

ಈ ಫಲಿತಾಂಶವನ್ನು ಹೊಳೆಮತ್ತಿಯ ಸೋಲೆಂದು ಸಾರುವವರೂ ಗೆಲುವೆಂದು ಸಾರುವವರೂ ಉಂಟು. ಇಬ್ಬರಿಗೂ ಆತುರ ಹೆಚ್ಚು. ನನಗೆ ಅದರಲ್ಲಿ ಕಾಣುವ ಪಾಠ ಬೇರೆ. ಉತ್ಕರ್ಷಣ ನಿರೋಧಕವೆಂಬ ಅಂಕಿಯು ಏರಿದರೂ ಹೃದಯದ ಬಲ ಏರಲಿಲ್ಲವಾದರೆ, ಆ ಅಂಕಿಯು ಹೃದಯದ ಬಲಕ್ಕೆ ಸಾಕ್ಷಿಯಾಗಲಾರದು. ರೋಗಿಗೆ ಏನಾದರೂ ಹಿತವಾಗಿದ್ದರೆ ಅದು ಬೇರೆ ಯಾವುದೋ ಮಾರ್ಗದಿಂದ, ಪ್ರಾಯಶಃ ತೊಗಟೆಯಲ್ಲಿರುವ ಅರ್ಜುನೋಲಿಕ್ ಆಮ್ಲದಂಥ ಬೇರೆ ವಸ್ತುಗಳಿಂದ ಆಗಿರಬಹುದು. ಆ ಮಾರ್ಗವನ್ನು ಹುಡುಕುವುದು ಕಷ್ಟದ, ಹಣ ಬೇಡುವ, ತಾಳ್ಮೆಯ ಕೆಲಸ. ನಳಿಕೆಯ ಬಣ್ಣವನ್ನು ಮತ್ತೆ ಮತ್ತೆ ಅಳೆಯುವುದರಿಂದ ಆ ಕೆಲಸವನ್ನು ತಪ್ಪಿಸಿಕೊಳ್ಳಬಹುದೇ ಹೊರತು ಮುಗಿಸಲಾಗುವುದಿಲ್ಲ. ಟ್ಯಾನಿನ್‌ಗಳ ದೊಡ್ಡ ಅಣುಗಳು ಕರುಳಿನ ಗೋಡೆಯನ್ನು ದಾಟಿ ರಕ್ತವನ್ನು ಸೇರಲಾರವು. ಕರುಳಿನ ಸೂಕ್ಷ್ಮಾಣುಗಳು ಅವುಗಳನ್ನು ಒಡೆದು ಬೇರೆಯೇ ವಸ್ತುಗಳನ್ನಾಗಿ ಮಾರ್ಪಡಿಸಿದ ಮೇಲೆ ಅವುಗಳ ಒಂದಂಶವಷ್ಟೇ ಒಳಗೆ ಹೋಗುತ್ತದೆ. ನಳಿಕೆಯಲ್ಲಿ ಪರೀಕ್ಷೆಗೆ ಒಳಪಟ್ಟ ವಸ್ತುವೇ ಒಂದು, ಹೃದಯವನ್ನು ತಲುಪುವ ವಸ್ತುವೇ ಇನ್ನೊಂದು. ತೊಗಟೆಯ ಉತ್ಕರ್ಷಣ ನಿರೋಧಕ ಸಾರಗಳಲ್ಲಿ ಲೋಕದಲ್ಲಿ ಬಹಳವಾಗಿ ಮಾರಾಟವಾಗಿರುವ ಪೈನ್ ಮರದ ಸಾರದ ಗತಿಯನ್ನು ನೋಡಿದರೂ ಇದೇ ಭಾವನೆ ಬರುತ್ತದೆ: ಕಾಕ್ರೇನ್ ಸಂಸ್ಥೆಯು 2020ರಲ್ಲಿ 27 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ಯಾವ ದೀರ್ಘಕಾಲಿಕ ರೋಗಕ್ಕೂ ಅದು ಪರಿಹಾರವೆಂದು ಹೇಳಲು ಸಾಕಷ್ಟು ಆಧಾರ ದೊರೆತಿಲ್ಲವೆಂದು ತೀರ್ಮಾನಿಸಿತು.

ತೊಗಟೆಯನ್ನು ಹೀನಾಯ ಮಾಡುವುದು ಇಲ್ಲಿಯ ಉದ್ದೇಶವೆಂದು ಯಾರೂ ಭಾವಿಸಬಾರದು. ಮನುಷ್ಯಕುಲವು ಪಡೆದ ಅತಿ ದೊಡ್ಡ ಔಷಧಿಗಳಲ್ಲಿ ಕೆಲವು ತೊಗಟೆಯಿಂದಲೇ ಬಂದವು. ದಕ್ಷಿಣ ಅಮೆರಿಕದ ಸಿಂಕೋನಾ ತೊಗಟೆಯಿಂದ ಪೆಲಿಟಿಯೇ ಮತ್ತು ಕವೆಂಟೂ ಎಂಬ ಫ್ರೆಂಚ್ ರಸಾಯನಜ್ಞರು 1820ರಲ್ಲಿ ಕ್ವಿನೈನನ್ನು ಬೇರ್ಪಡಿಸಿದರು. ನೀಲಗಿರಿಯಲ್ಲಿ ಆ ಮರವನ್ನು ನೆಡಿಸಿದ ಮೇಲೆ ನಮ್ಮ ಮಲೆನಾಡಿನ ಚಳಿಜ್ವರದ ರೋಗಿಗಳಿಗೂ ಅದರ ಕಹಿ ಪರಿಚಯವಾಯಿತು. ವಿಲೋ ಮರದ ತೊಗಟೆಯ ಪುಡಿಯಿಂದ ಜ್ವರ ಇಳಿಯುವುದೆಂದು ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿಯು 1763ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದುದು, 1897ರಲ್ಲಿ ಆಸ್ಪಿರಿನ್ ಆಗಿ ಪರಿಣಮಿಸಿದ ದಾರಿಯ ಮೊದಲ ಮೈಲಿಗಲ್ಲು. ಪೆಸಿಫಿಕ್ ಯೂ ಮರದ ತೊಗಟೆಯನ್ನು 1962ರಲ್ಲಿ ಸಂಗ್ರಹಿಸಿದ ಮೇಲೆ, ಮನ್ರೋ ವಾಲ್ ಮತ್ತು ಭಾರತ ಸಂಜಾತರಾದ ಮನಸುಖ್ ವಾಣಿಯವರು 1971ರಲ್ಲಿ ಅದರ ಸತ್ತ್ವವಾದ ಟ್ಯಾಕ್ಸಾಲಿನ ರಚನೆಯನ್ನು ಪ್ರಕಟಿಸಿದರು. ಅದು ಕ್ಯಾನ್ಸರಿನ ಔಷಧಿಯಾಗಿ ಅಮೆರಿಕದಲ್ಲಿ ಅನುಮತಿಯನ್ನು ಪಡೆದುದು 1992ರಲ್ಲಿ. ಈ ಮೂರರಲ್ಲಿ ಒಂದೂ ಉತ್ಕರ್ಷಣವನ್ನು ತಡೆಯುವುದರಿಂದ ಕೆಲಸ ಮಾಡುವುದಿಲ್ಲ. ಮಲೇರಿಯಾದ ಪರೋಪಜೀವಿಯು ನಮ್ಮ ರಕ್ತವನ್ನು ತಿಂದು ಉಳಿಸಿದ ವಿಷವಸ್ತುವನ್ನು ನಿರ್ವಿಷಗೊಳಿಸಿಕೊಳ್ಳದಂತೆ ಕ್ವಿನೈನು ತಡೆಯುತ್ತದೆ. ಆಸ್ಪಿರಿನ್ ಉರಿಯೂತವನ್ನು ಹುಟ್ಟಿಸುವ ವಸ್ತುಗಳ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಟ್ಯಾಕ್ಸಾಲು ಜೀವಕೋಶದ ವಿಭಜನೆಗೆ ಬೇಕಾದ ಸೂಕ್ಷ್ಮ ನಾಳಗಳು ಬಿಚ್ಚಿಕೊಳ್ಳದಂತೆ ಬಿಗಿಯುತ್ತದೆ. ಅಂದಿನವರು ನೇರಳೆ ಬಣ್ಣದ ಪರೀಕ್ಷೆಯೊಂದನ್ನೇ ನಂಬಿದ್ದರೆ ಸಿಂಕೋನಾದ ಟ್ಯಾನಿನ್ನನ್ನು ಇಟ್ಟುಕೊಂಡು ಕ್ವಿನೈನನ್ನು ಚರಂಡಿಗೆ ಚೆಲ್ಲುತ್ತಿದ್ದರೋ ಏನೋ.

ನಮ್ಮಲ್ಲಿಯೂ ತೊಗಟೆಯ ಜ್ಞಾನಕ್ಕೆ ಕೊರತೆಯಿರಲಿಲ್ಲ. ಆ ಜ್ಞಾನವು ಯಾವುದಕ್ಕೆ ಪ್ರಾಧಾನ್ಯ ಕೊಟ್ಟಿತ್ತೆಂಬುದನ್ನು ಗಮನಿಸಬೇಕು. ತುಳುನಾಡಿನಲ್ಲಿ ಆಟಿ ತಿಂಗಳ ಅಮಾವಾಸ್ಯೆಯ ದಿನ, ಮಳೆ ಸುರಿಯುತ್ತಿರುವ ನಸುಕಿನಲ್ಲಿ, ಪಾಲೆ ಮರದ, ಎಂದರೆ ಸಪ್ತಪರ್ಣಿಯ, ತೊಗಟೆಯನ್ನು ಕಬ್ಬಿಣ ಸೋಕಿಸದೆ ಕಲ್ಲಿನಿಂದ ಕೆತ್ತಿ ತಂದು, ಅರೆದು ರಸ ತೆಗೆದು, ಬೆಳ್ಳುಳ್ಳಿ ಕರಿಮೆಣಸುಗಳನ್ನು ಸೇರಿಸಿ, ಕಾದ ಬೆಣಚುಕಲ್ಲನ್ನು ಅದರಲ್ಲಿ ಅದ್ದಿ ಒಗ್ಗರಿಸಿ, ಮನೆಮಂದಿಯೆಲ್ಲ ಬರಿಹೊಟ್ಟೆಯಲ್ಲಿ ಕುಡಿಯುವರು. ಅನಂತರ ಮೆಂತೆಯ ಗಂಜಿ. ವರ್ಷಕ್ಕೆ ಒಂದು ದಿನ, ಒಂದು ಲೋಟ. ಆ ಕಷಾಯದ ಕುರಿತು ಹೇಳುವ ಎಲ್ಲ ಮಹಿಮೆಗಳನ್ನು ನಂಬಬೇಕೆಂದು ನಾನು ಹೇಳಲಾರೆ. ಆದರೆ ಹಿರಿಯರು ಹಿಂದಿನ ದಿನವೇ ಹೋಗಿ ಮರವನ್ನು ಗುರುತಿಸಿ ಬರುತ್ತಿದ್ದ ರೂಢಿಯಲ್ಲಿ ದೊಡ್ಡ ವಿವೇಕವಿತ್ತು. ಏಕೆಂದರೆ ಕತ್ತಲಿನಲ್ಲಿ ಪಾಲೆಯೆಂದು ಕಾಸರಕದ ತೊಗಟೆಯನ್ನು ಕೆತ್ತಿ ತಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್ ಮತ್ತು ಬ್ರೂಸಿನ್ ಎಂಬ ಘೋರ ವಿಷಗಳು. ಆ ಅಮಾವಾಸ್ಯೆ ಸಮೀಪಿಸಿದಾಗಲೆಲ್ಲ, ಮರವನ್ನು ಬಲ್ಲವರಿಂದಲೇ ತರಿಸಿರೆಂದು ಕರಾವಳಿಯ ವೈದ್ಯರು ಎಚ್ಚರಿಸುವುದುಂಟು. ಮರ ಯಾವುದು, ಯಾವ ಕಾಲದಲ್ಲಿ ತೆಗೆಯಬೇಕು, ಎಷ್ಟು ಕುಡಿಯಬೇಕು ಎಂಬಿವೇ ಅಲ್ಲಿಯ ಮುಖ್ಯ ಪ್ರಶ್ನೆಗಳು. ಇಂದಿನ ಗ್ರಂಧಿಗೆ ಅಂಗಡಿಯಲ್ಲಿ ಗೋಣಿಚೀಲದಿಂದ ತೊಗಟೆಯನ್ನು ಮೊಗೆದು ಕೊಡುವಾಗ ಈ ಮೂರರಲ್ಲಿ ಒಂದನ್ನೂ ಕೇಳುವವರಿಲ್ಲ.

ಕೇಳದುದರ ಫಲವನ್ನು ಅಶೋಕದ ಕಥೆಯು ತೋರಿಸುತ್ತದೆ. ಸ್ತ್ರೀರೋಗಗಳಿಗೆ ಹೆಸರಾದ ಅಶೋಕಾರಿಷ್ಟವು ತಯಾರಾಗಬೇಕಾದುದು, ಪಶ್ಚಿಮಘಟ್ಟದ ತಂಪಾದ ಕಣಿವೆಗಳಲ್ಲಿ ಕೆಂಪು ಕಿತ್ತಳೆಯ ಗೊಂಚಲುಗಳನ್ನು ಕಾಂಡದ ಮೈಮೇಲೆಯೇ ಅರಳಿಸುವ ನಿಜವಾದ ಅಶೋಕದ ತೊಗಟೆಯಿಂದ. ಆ ಮರವನ್ನು ಅಪಾಯದಂಚಿನ ಪ್ರಭೇದಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಿ ಬಹುಕಾಲವಾಯಿತು. ಬೇಡಿಕೆಯಾದರೋ ವರ್ಷಕ್ಕೆ ಸಾವಿರಾರು ಟನ್ನು. ಕಾಡಿನಲ್ಲಿಲ್ಲದ ಮಾಲು ಮಾರುಕಟ್ಟೆಯಲ್ಲಿ ಎಲ್ಲಿಂದ ಬರಬೇಕು? ಶಾಲೆಗಳ ಆವರಣದಲ್ಲಿ, ಬಂಗಲೆಗಳ ಬೇಲಿಯಂಚಿನಲ್ಲಿ ಗೋಪುರದಂತೆ ನೆಟ್ಟಗೆ ಬೆಳೆಯುವ, ಜನರು ಅಶೋಕವೆಂದೇ ಕರೆಯುವ, ಆದರೆ ಸೀತಾಫಲದ ಕುಲಕ್ಕೆ ಸೇರಿದ ಬೇರೊಂದು ಮರದಿಂದ ಬರುತ್ತದೆ. ಇನ್ನೂ ಯಾವಯಾವುದರಿಂದಲೋ ಬರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರೂ ಅವರ ಸಹವರ್ತಿಗಳೂ ಸೇರಿ ಮಾರುಕಟ್ಟೆಯ ಮಾದರಿಗಳ ಡಿಎನ್ಎಯನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಶೋಕದ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಮಾದರಿಗಳಲ್ಲಿ ಶೇಕಡಾ 80ಕ್ಕೂ ಹೆಚ್ಚಿನವು ಅಶೋಕವೇ ಅಲ್ಲ. ಕನಿಷ್ಠ ಏಳು ಬೇರೆ ಬೇರೆ ಸಸ್ಯಕುಟುಂಬಗಳಿಗೆ ಸೇರಿದುವು. ಈ ಎಲ್ಲ ಮಾದರಿಗಳನ್ನೂ ಡಿಪಿಪಿಎಚ್ ಪರೀಕ್ಷೆಗೆ ಒಡ್ಡಿದರೆ ಅವುಗಳಲ್ಲಿ ಬಹುಪಾಲು ಚೆನ್ನಾಗಿಯೇ ತೇರ್ಗಡೆಯಾಗಬಹುದೆಂದು ನಾನು ಊಹಿಸುತ್ತೇನೆ. ಅಸಲಿಯನ್ನೂ ನಕಲಿಯನ್ನೂ ಸಮಾನವಾಗಿ ಹರಸುವ ಪರೀಕ್ಷೆಯಿಂದ ಕೊಳ್ಳುವವರಿಗೆ ಏನು ರಕ್ಷಣೆ?

ಹಣ್ಣನ್ನು ಕಿತ್ತರೆ ಮರಕ್ಕೆ ಕೇಡಿಲ್ಲ, ಎಲೆಯನ್ನು ಕೊಯ್ದರೆ ಚಿಗುರುತ್ತದೆ, ತೊಗಟೆ ಹಾಗಲ್ಲ. ಕಾಂಡದ ಸುತ್ತ ಬಳೆಯಾಕಾರದಲ್ಲಿ ತೊಗಟೆಯನ್ನು ಸುಲಿದರೆ ಬೇರಿಗೆ ಹೋಗುವ ಅನ್ನದ ದಾರಿಯು ಅಲ್ಲಿಗೆ ಕಡಿದುಹೋಗುತ್ತದೆ. ಮೇಲಿನ ಎಲೆಗಳು ಕೆಲವು ಕಾಲ ಹಸಿರಾಗಿಯೇ ಇದ್ದು ನೋಡುವವರನ್ನು ವಂಚಿಸುತ್ತವೆ. ಬೇರುಗಳು ತಮ್ಮಲ್ಲಿದ್ದ ಸಂಗ್ರಹವನ್ನು ಕರಗಿಸಿ ಮುಗಿಸಿದ ಮೇಲೆ ಮರ ನಿಂತಲ್ಲೇ ಒಣಗುತ್ತದೆ. ನಮ್ಮ ಮಲೆನಾಡಿನಲ್ಲಿ ಗುಳಮಾವಿಗೆ ಒದಗಿದ ಗತಿ ಇದೇ: ಊದುಬತ್ತಿಯ ಪುಡಿಗೆ ಅಂಟು ಕೊಡುವ ಅದರ ತೊಗಟೆಗಾಗಿ ಕಳ್ಳರು ರಾತ್ರೋರಾತ್ರಿ ಆಳೆತ್ತರದವರೆಗೆ ಸುಲಿದು ಬಿಟ್ಟುಹೋದ ಮರಗಳನ್ನು ಘಟ್ಟದ ಊರುಗಳವರು ಕಂಡಿದ್ದಾರೆ. ಕ್ಯಾಂಪ್ಟೊಥೆಸಿನ್ ಎಂಬ ಕ್ಯಾನ್ಸರ್ ನಿರೋಧಕ ವಸ್ತುವಿಗಾಗಿ ದುರ್ವಾಸನೆ ಮರವೂ ಬೇರುಸಹಿತ ಬಲಿಯಾಗಿದೆ. ಆದರೆ ತೊಗಟೆಯನ್ನು ಮರ ಸಾಯದಂತೆ ತೆಗೆಯುವ ವಿಧಾನವೇ ಇಲ್ಲವೆಂದಲ್ಲ. ಮಧ್ಯಭಾರತದ ಹೊಳೆಮತ್ತಿಗಳ ಮೇಲೆ ನಡೆದ ಅಧ್ಯಯನಗಳು ತೋರಿಸಿರುವಂತೆ, ಬಲಿತ ಮರದ ಕಾಂಡದ ಸುತ್ತಳತೆಯನ್ನು ನಾಲ್ಕು ಭಾಗ ಮಾಡಿ, ಎದುರುಬದುರಿನ ಭಾಗಗಳಿಂದ ಮಾತ್ರ, ಹೊರಪದರ ಮತ್ತು ನಡುಪದರಗಳನ್ನಷ್ಟೇ ಉದ್ದುದ್ದ ಪಟ್ಟಿಯಾಗಿ ತೆಗೆದು ಒಳತೊಗಟೆಯನ್ನು ಮುಟ್ಟದೆ ಬಿಟ್ಟರೆ, ಗಾಯವು ಮಾಯ್ದು ಹೊಸ ತೊಗಟೆಯು ಬೆಳೆಯುತ್ತದೆ. ಹೀಗೆ ತೆಗೆದಾಗ ದೊರೆಯುವ ಮಾಲು ಕಡಿಮೆ, ತಗಲುವ ಶ್ರಮ ಹೆಚ್ಚು. ಮಾರುಕಟ್ಟೆಯಲ್ಲಿ ಮಾತ್ರ ಎರಡಕ್ಕೂ ಒಂದೇ ಬೆಲೆ.

ಇಲ್ಲಿಯೇ ಸಂಶೋಧನೆಯ ಹೊಣೆಯೂ ಸರ್ಕಾರದ ಹೊಣೆಯೂ ಕೂಡುತ್ತವೆ. ಭಾರತದಲ್ಲಿ 960 ಔಷಧೀಯ ಸಸ್ಯಗಳು ವ್ಯಾಪಾರದಲ್ಲಿವೆಯೆಂದೂ, ಅವುಗಳಲ್ಲಿ 178 ಸಸ್ಯಗಳ ಮಾಲು ವರ್ಷಕ್ಕೆ ತಲಾ ನೂರು ಟನ್ನಿಗೂ ಹೆಚ್ಚಾಗಿ ಖರ್ಚಾಗುತ್ತದೆಯೆಂದೂ ರಾಷ್ಟ್ರೀಯ ಔಷಧಿ ಸಸ್ಯಗಳ ಮಂಡಳಿಯು ಮಾಡಿಸಿದ ಸಮೀಕ್ಷೆಯು ಈ ಶತಮಾನದ ಮೊದಲ ದಶಕದಲ್ಲಿಯೇ ತಿಳಿಸಿತ್ತು. ಯಾವುದೋ ಒಂದು ತೊಗಟೆಯಲ್ಲಿ ಅದ್ಭುತ ಶಕ್ತಿಯಿದೆಯೆಂಬ ಒಂದು ವಾರ್ತೆಯು ಪ್ರಕಟವಾದರೆ ಬೇಡಿಕೆಯು ಏರುತ್ತದೆ, ಕತ್ತಿಯು ಕಾಡಿಗೆ ಹೋಗುತ್ತದೆ; ಆ ವಾರ್ತೆಯನ್ನು ಬರೆದವರಿಗೆ ಇದರ ಅರಿವಿರಬೇಕು. ಫಲಿತಾಂಶವು ನಳಿಕೆಯದೋ, ಇಲಿಯದೋ, ಮನುಷ್ಯನದೋ ಎಂಬುದನ್ನು ಮೊದಲ ವಾಕ್ಯದಲ್ಲಿಯೇ ಹೇಳದ ವರದಿಯನ್ನು ಸಂಪಾದಕರು ಹಿಂದಿರುಗಿಸಲಿ. ಬಣ್ಣದ ಪರೀಕ್ಷೆಯೊಂದನ್ನೇ ಆಧರಿಸಿದ ಪ್ರಬಂಧಕ್ಕೆ ಪದವಿ ಕೊಡುವುದನ್ನು ವಿಶ್ವವಿದ್ಯಾನಿಲಯಗಳು ನಿಲ್ಲಿಸಿ, ಆ ಹಣವನ್ನೂ ಯೌವನದ ಆ ವರ್ಷಗಳನ್ನೂ ಮಾರುಕಟ್ಟೆಯ ತೊಗಟೆಗಳ ಗುರುತಿನ ಪರಿಶೀಲನೆಗೆ ತಿರುಗಿಸಲಿ. ಹೊಳೆಮತ್ತಿಯಂಥ, ಮನುಷ್ಯರಲ್ಲಿ ಅಷ್ಟಿಷ್ಟು ಭರವಸೆಯನ್ನು ಹುಟ್ಟಿಸಿದ ಒಂದೆರಡು ತೊಗಟೆಗಳನ್ನು ಆರಿಸಿಕೊಂಡು, ಹಲವು ಆಸ್ಪತ್ರೆಗಳಲ್ಲಿ, ಸಾವಿರಾರು ರೋಗಿಗಳಲ್ಲಿ, ವರ್ಷಾನುಗಟ್ಟಲೆ ನಡೆಯುವ ಪ್ರಯೋಗಕ್ಕೆ ಆಯುಷ್ ಸಚಿವಾಲಯವು ಹಣ ಒದಗಿಸಲಿ. ಫಲಿತಾಂಶ ಏನೇ ಬಂದರೂ ಪ್ರಕಟಿಸಲಿ. ಅಲ್ಲಿಯವರೆಗೆ ಹೊಳೆಮತ್ತಿಯ ಕಷಾಯವನ್ನು ಕುಡಿಯುವ ಹೃದ್ರೋಗಿಯು ತನ್ನ ವೈದ್ಯರಿಗೆ ಅದನ್ನು ಮುಚ್ಚಿಡದೆ ತಿಳಿಸಬೇಕು, ಬರೆದುಕೊಟ್ಟ ಮಾತ್ರೆಗಳನ್ನು ಬಿಡಬಾರದು. ದೆಹಲಿಯ ಪ್ರಯೋಗದಲ್ಲಿಯೂ ಸಾರವನ್ನು ಕೊಟ್ಟುದು ವಾಡಿಕೆಯ ಔಷಧಿಗಳ ಜೊತೆಗೇ ಹೊರತು ಅವುಗಳಿಗೆ ಬದಲಾಗಿ ಅಲ್ಲ.

ಇನ್ನು ಕೊಳ್ಳುವವರ ಮಾತು. ಕಾಡಂಚಿನ ಸೋಲಿಗರಿಂದಲೂ ಇತರ ಬುಡಕಟ್ಟುಗಳಿಂದಲೂ ಕಿರು ಅರಣ್ಯ ಉತ್ಪನ್ನಗಳನ್ನು ಕೊಳ್ಳಲು ನಮ್ಮಲ್ಲಿ ಲ್ಯಾಂಪ್ಸ್ ಸಹಕಾರ ಸಂಘಗಳಿವೆ. ಔಷಧ ತಯಾರಕರು ತೊಗಟೆಯನ್ನು ದಲ್ಲಾಳಿಗಳ ಗೋದಾಮಿನಿಂದ ತೂಕದ ಲೆಕ್ಕದಲ್ಲಿ ಎತ್ತುವುದನ್ನು ಬಿಟ್ಟು ಇಂಥ ಸಂಘಗಳ ಮೂಲಕವೇ ಕೊಳ್ಳಬೇಕು. ಪಟ್ಟಿಯಾಕಾರದಲ್ಲಿ ತೆಗೆದ, ಒಳತೊಗಟೆ ಸೇರದ ಮಾಲಿಗೆ ಹೆಚ್ಚಿನ ದರವನ್ನೂ, ಬಳೆಯಾಗಿ ಸುಲಿದ ಮಾಲಿಗೆ ತಿರಸ್ಕಾರವನ್ನೂ ಕರಾರಿನಲ್ಲಿಯೇ ಬರೆಯಬೇಕು. ಸೀಸೆಯ ಮೇಲೆ ಮರದ ಹೆಸರಿನೊಡನೆ ತೊಗಟೆ ಬಂದ ಜಿಲ್ಲೆಯ ಹೆಸರೂ ಸುಲಿದ ತಿಂಗಳೂ ಅಚ್ಚಾಗಬೇಕು. ಸುಲಿದ ತೊಗಟೆಯ ತುಂಡೊಂದನ್ನು ಕೈಗೆತ್ತಿಕೊಂಡರೆ ಅದು ಪಟ್ಟಿಯೋ ಬಳೆಯೋ, ಒಳಪದರ ಅಂಟಿದೆಯೋ ಇಲ್ಲವೋ ಎಂಬುದು ಯಾವ ಯಂತ್ರದ ಸಹಾಯವೂ ಇಲ್ಲದೆ ತಿಳಿಯುತ್ತದೆ. ತಪಾಸಣೆಗೆ ಪ್ರಯೋಗಾಲಯ ಬೇಡ, ಗೋದಾಮಿನ ಬಾಗಿಲಲ್ಲಿ ಚೀಲ ಬಿಚ್ಚಿ ನೋಡುವ ಒಬ್ಬ ಗುಮಾಸ್ತ ಸಾಕು.